ಹಳೆಯ ಕಂಪೈಲರಿನ ಸೌಡೇಶ್ವರಿ ಅಕ್ಕ

ಸೌಡೇಶ್ವರಿ ಅಕ್ಕನಿಗೆ ಯಾರ ಮೇಲಾದರೂ ಸಿಟ್ಟು ಬಂದಿದೆ ಎಂದು ನಮಗೆ ತಿಳಿಯುತ್ತಿದ್ದುದು ಅವರು ಕೊಡುವ ಮರ್ಯಾದೆಯಿಂದ. ನಾವೆಲ್ಲ ಮುನಿಸಿಕೊಂಡರೆ ಮುಖ ತಿರುಗಿಸುತ್ತೇವೆ, ಮಾತು ಬಿಡುತ್ತೇವೆ. ಅಕ್ಕನ ದನಿ ಇಳಿಯುತ್ತಿತ್ತು, ತುಟಿಯ ಮೇಲೆ ನಗು ಬರುತ್ತಿತ್ತು, ‘ವಾಂಗ’, ‘ಸೊಲ್ಲುಂಗ’, ಅಂದರೆ ಬನ್ನಿ, ಹೇಳಿ ಎಂಬ ಕೊಂಗುನಾಡಿನ ತಮಿಳು ಬಹುವಚನ ಮಾತಿಗೊಮ್ಮೆ ಕೇಳಿಸುತ್ತಿತ್ತು. ಅಷ್ಟಾಯಿತೆಂದರೆ ಎದುರಿಗಿದ್ದವನ ಗ್ರಹಚಾರ ಕೆಟ್ಟಿತು ಎಂದೇ ಅರ್ಥ.

ಉಕ್ಕಡಂ ಬಸ್ ಸ್ಟ್ಯಾಂಡಿನಿಂದ ಮದುಕ್ಕರೈ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರ್ ಒಬ್ಬ ಒಮ್ಮೆ ಅವರನ್ನು ಸ್ಟಾಪಿನಲ್ಲಿ ಇಳಿಸದೆ, ಮೊದಲೇ ಎದ್ದು ಬರಲು ಏನು ಕೇಡು ಎಂದು ಬೈದು, ಸಿಮೆಂಟ್ ಕಾರ್ಖಾನೆಯ ಹತ್ತಿರ ಇಳಿಸಿದನಂತೆ. ಮಾರನೆಯ ದಿನದಿಂದ ಅಕ್ಕ ಆ ಬಸ್ಸು ಹತ್ತಿದ ಕೂಡಲೇ ಬಾಗಿಲ ಬಳಿ ನಿಂತುಕೊಂಡು, ಪ್ರತಿ ಸ್ಟಾಪಿನಲ್ಲೂ ಬಹಳ ವಿನಯದಿಂದ, “ಅಣ್ಣಾ, ಎಂದಿರಿಚ್ಚಿಟ್ಟೇನುಂಗ, ಇದು ನಮ್ಮ ಸ್ಟಾಪಾಂಗ?” ಎಂದು ಕೇಳತೊಡಗಿದರು. ಎದ್ದು ನಿಂತಿದ್ದೇನೆ ಅಣ್ಣಾ, ಇದು ನಮ್ಮ ಸ್ಟಾಪಾ ಎಂದು. ಬಸ್ಸಿನವರೆಲ್ಲ ನಗಲು ಶುರುಮಾಡಿದರು. ಕಾಲೇಜು ಹುಡುಗಿಯರು ಅಕ್ಕನ ಜತೆ ತಾವೂ ಕೇಳತೊಡಗಿದರು. ಕೊನೆಗೆ ಆತ ತಾನಾಗಿ ಬೇರೆ ರೂಟ್ ಕೇಳಿ ಪಡೆದ.

ಇನ್ನೊಂದು ಕಥೆಯನ್ನು ನಾನೇ ಕಣ್ಣಾರೆ ಕಂಡೆ. ಅಕ್ಕನನ್ನು ಹರೆಯದಲ್ಲಿ ನೋಡಲು ಬಂದಿದ್ದ ಗಂಡೊಬ್ಬ, ಬಜ್ಜಿ ಕಾಫಿ ಎಲ್ಲ ಮುಗಿಸಿ, ಹುಡುಗಿಯ ಬಣ್ಣ ಸ್ವಲ್ಪ ಕಡಿಮೆ ಎಂದು ಹೇಳಿ ಹೋಗಿದ್ದನಂತೆ. ಎಷ್ಟೋ ವರ್ಷ ಕಳೆದ ಮೇಲೆ ಅದೇ ಮನುಷ್ಯ ಬ್ಯಾಟರಿ ಕಂಪನಿಯ ಕಡೆಯಿಂದ ನಮ್ಮ ಆಫೀಸಿಗೆ ಬಂದ. ಆತನಿಗೆ ಗುರುತು ಸಿಗಲಿಲ್ಲ. ಅಕ್ಕ ತಾವೇ ಕಾಫಿ ತಂದು ಮುಂದಿಟ್ಟು, ಲೋಟದೊಳಗೆ ಬಗ್ಗಿ ನೋಡಿ, “ಬಣ್ಣ ಸರಿಯಾಗಿದೆಯೇ, ಇಲ್ಲ ಇನ್ನೂ ಕೊಂಚ ಬೆಳ್ಳಗೆ ಬೇಕೆ?” ಎಂದು ತಮಿಳಿನಲ್ಲಿ ಕೇಳಿದರು. ಪಾಪ, ಆತ ಮೊದಲು ನಕ್ಕ. ಆಮೇಲೆ ಅವರ ಮುಖವನ್ನು ಸರಿಯಾಗಿ ನೋಡಿದ. ಕಾಫಿ ಹಾಗೆಯೇ ಉಳಿಯಿತು.

ನಾನು ಅರಸೀಕೆರೆಯವಳು. ಮದುವೆಯಾಗಿ ಕೊಯಮತ್ತೂರಿಗೆ ಬಂದವಳು. ಪಾಲಕ್ಕಾಡ್ ರಸ್ತೆಯಲ್ಲಿ, ಮದುಕ್ಕರೈಗೆ ಸ್ವಲ್ಪ ಈಚೆಗೆ, ಬಟ್ಟೆ ಕತ್ತರಿಸುವ ಯಂತ್ರಗಳನ್ನು ತಯಾರಿಸುವ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗಳಿಗೆ ಅವು ಹೋಗುತ್ತಿದ್ದವು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರಪದರವಾಗಿ ಹಾಸಿದರೆ, ಕತ್ತಿ ಹೊತ್ತ ತಲೆಯೊಂದು ಅದರ ಮೇಲೆ ಓಡಾಡಿ, ತೋಳು, ಬೆನ್ನು, ಕಾಲರ್ ಎಂದು ಕತ್ತರಿಸುತ್ತ ಹೋಗುತ್ತದೆ. ಆ ತಲೆಯನ್ನು ಓಡಿಸುವ ಪ್ರೋಗ್ರಾಮನ್ನು ಬರೆಯುವವರು ನಾವು.

ಸೇರಿದ ಮೊದಲ ದಿನ ಯಾರ ಜತೆಗೂ ಸರಿಯಾಗಿ ಮಾತಾಡಲಾಗದೆ ಕೂತಿದ್ದಾಗ, ಬೆನ್ನ ಹಿಂದಿನಿಂದ, “ಏನ್ ಕಣ್ಣು, ಕನ್ನಡದೋಳಾ ನೀನು? ಮೊದ್ಲೇ ಹೇಳೋದಲ್ವಾ!” ಎಂದು ಕೇಳಿಸಿತು. ಮಾತು ಕನ್ನಡದ್ದು, ‘ಕಣ್ಣು’ ಎಂಬ ಅಕ್ಕರೆಯ ಕರೆ, ರಾಗ ಮಾತ್ರ ಪೂರ್ತಿ ತಮಿಳಿನವು. ತಿರುಗಿದರೆ ನಲವತ್ತು ದಾಟಿದ, ಮೂಗಿಗೆ ಎರಡೂ ಕಡೆ ಹರಳು ಚುಚ್ಚಿಸಿಕೊಂಡ, ಕುತ್ತಿಗೆಯಲ್ಲಿ ಆಫೀಸಿನ ಗುರುತು ಚೀಟಿಯನ್ನು ಹಿಂದುಮುಂದಾಗಿ ಹಾಕಿಕೊಂಡ ಹೆಂಗಸು. ಅವರ ಮನೆತನದವರು ಯಾವ ಕಾಲದಲ್ಲೋ ಈ ಕಡೆ ಬಂದು ನೆಲೆಸಿದ ನೇಕಾರರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಅಕ್ಷರ ಮಾತ್ರ ತಮಿಳಿನದೇ. ಒಮ್ಮೆ ಅವರ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿ, “ಇಷ್ಟೊಂದು ಸುತ್ತಿ ಸುತ್ತಿ ಇರೋದು ನಾನಾ?” ಎಂದು ಕೇಳಿದರು.

ನಮ್ಮ ಕೆಲಸವನ್ನು ನನಗೆ ಕಲಿಸಿದವರು ಅವರೇ. ನಾವು ಬರೆಯುವುದು ಸಿ ಭಾಷೆಯಲ್ಲಿ. ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದು ಕಂಪೈಲರ್. ನಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಎರಡು ಕಂಪೈಲರುಗಳಿದ್ದವು, ಒಂದು ಹಳೆಯದು, ಒಂದು ಹೊಸದು. ಆದರೆ ಕೆಲಸ ಒಪ್ಪಿಸುವಾಗ ನಾವು ಯಾವುದರ ಹೆಸರನ್ನೂ ಹೇಳುವುದಿಲ್ಲ. ‘ಸಿಸಿ’ ಎಂದಷ್ಟೇ ಬರೆಯುತ್ತೇವೆ. ಸಿಸಿ ಎಂದರೆ ಈ ಎರಡರಲ್ಲಿ ಯಾವುದು ಎಂಬುದನ್ನು ಆ ಕಂಪ್ಯೂಟರಿನ ಜವಾಬ್ದಾರಿ ಇರುವವರು ಮೊದಲೇ ಗೊತ್ತುಮಾಡಿ ಇಟ್ಟಿರುತ್ತಾರೆ. ಅದೇ ಡೀಫಾಲ್ಟ್. ಬದಲಾಯಿಸಲು ಒಂದೇ ಒಂದು ಆಜ್ಞೆ ಸಾಕು. ಬದಲಾಯಿಸಿದ ಮೇಲೂ ಎಲ್ಲರೂ ಮೊದಲಿನಂತೆ ಸಿಸಿ ಎಂದೇ ಬರೆಯುತ್ತಿರುತ್ತಾರೆ.

“ತಿರುಪ್ಪೂರ್ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ಸೆಲ್ವಾ ಅಂತ ಕೂಗ್ನೋಡು” ಎನ್ನುತ್ತಿದ್ದರು ಅಕ್ಕ. “ಯಾರೋ ಒಬ್ಬ ಬತ್ತಾನೆ. ಬಂದೋನು ನಮ್ಮ ಸೆಲ್ವಾನೋ, ಬೇರೆಯೋರ ಮನೆ ಸೆಲ್ವಾನೋ ನೋಡ್ಬೇಕಲ್ಲ ಕಣ್ಣು. ಸುಮ್ಮಾ ಕೆಲಸ ಒಪ್ಪಿಸ್ಬುಟ್ರೆ?”

ಅದಕ್ಕಾಗಿ ಬೆಳಿಗ್ಗೆ ಬಂದ ಕೂಡಲೇ, ಚೀಲ ಕೆಳಗಿಡುವ ಮೊದಲೇ, ಸಿಸಿ ಎಂದರೆ ಇವತ್ತು ಯಾರು ಎಂದು ಕಂಪ್ಯೂಟರನ್ನು ಕೇಳಿ ನೋಡುತ್ತಿದ್ದರು. ಹಳೆಯ ಕಂಪೈಲರೇ ಡೀಫಾಲ್ಟ್ ಆಗಿರಬೇಕೆಂದು ಅವರ ಹಟ. ಅದಕ್ಕೆ ಕಾರಣವೂ ಇತ್ತು.

ಕತ್ತಿಯ ತಲೆ ಎಷ್ಟು ದೂರ ಓಡಿತು ಎಂದು ಪ್ರೋಗ್ರಾಮ್ ಲೆಕ್ಕ ಇಡುತ್ತದೆ. ಯಂತ್ರವನ್ನು ಆರಿಸದೆ ಬಹಳ ಕಾಲ ಓಡಿಸಿದರೆ ಆ ಎಣಿಕೆ ತುಂಬಿ, ಹಳೆಯ ಸ್ಕೂಟರಿನ ಮೀಟರು ತಿರುಗಿ ಸೊನ್ನೆಗೆ ಬರುವ ಹಾಗೆ, ಏಕಾಏಕಿ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ಆಗ ತಲೆ ಎಲ್ಲಿದೆ ಎಂಬುದೇ ಪ್ರೋಗ್ರಾಮಿಗೆ ತಪ್ಪಿಹೋಗುತ್ತದೆ. ಇದನ್ನು ತಡೆಯಲು ಯಾರೋ ಹಿಂದಿನವರು ಒಂದು ಕಾವಲು ಬರೆದಿದ್ದರು: ಕೂಡಿಸಿದ ಮೇಲೆ ಎಣಿಕೆ ಕಡಿಮೆಯಾಯಿತೇ? ಹಾಗಿದ್ದರೆ ಕತ್ತಿಯನ್ನು ನಿಲ್ಲಿಸು. ಹಳೆಯ ಕಂಪೈಲರ್ ಇದನ್ನು ಬರೆದ ಹಾಗೆಯೇ ಉಳಿಸುತ್ತಿತ್ತು.

“ಹೊಸದು ಬಲು ಜಾಣ” ಎಂದು ಅಕ್ಕ ಬಿಡಿಸಿ ಹೇಳಿದ್ದರು. “ಕೂಡಿಸಿದ್ರೆ ಎಲ್ಲಾದ್ರೂ ಕಮ್ಮಿ ಆಗೋದುಂಟಾ, ಆಗೋದಿಲ್ಲ, ಅಂದ್ಮೇಲೆ ಈ ಕೇಳ್ವಿ ಯಾಕೆ ಅಂತ ಆ ಕಾವಲನ್ನೇ ಎತ್ತಿ ಆಚೆ ಹಾಕ್ಬುಡುತ್ತೆ. ರೂಲ್ ನೋಡಿದ್ರೆ ಅದ್ರ ಮೇಲೆ ತಪ್ಪಿಲ್ಲ. ಹಂಗೆ ಬರೆದಿರೋ ನಮ್ದು ತಪ್ಪು. ಒಂದೊಂದಾಗಿ ತಿದ್ಕೊಂಡು ಬತ್ತಾ ಇದೀನಿ. ಮುಗಿಯೋವರ್ಗೂ ಹಳೇದೇ ಇರ್ಲಿ.”

ನಮ್ಮ ವಿಭಾಗದ ಮುಖ್ಯಸ್ಥ ಮುರಳಿ. ಎಲ್ಲರೂ ಮುರಳಿ ಸಾರ್ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ನಡೆದದ್ದನ್ನು ಕಂಡ ಮೇಲೆ ಆ ಮನುಷ್ಯನಿಗೆ ಬಹುವಚನ ನಿಲ್ಲಿಸಿದೆ. ಇಲ್ಲಿಯೂ ಕೊಡುವುದಿಲ್ಲ. ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ, ಚೆನ್ನಾಗಿ ಇಸ್ತ್ರಿ ಮಾಡಿದ ಮಾತು. ಹೊಸ ಕಂಪೈಲರಿನಲ್ಲಿ ಪ್ರೋಗ್ರಾಮ್ ಚುರುಕಾಗಿ ಓಡುತ್ತದೆ, ತಲೆ ಸರಾಗವಾಗಿ ತಿರುಗುತ್ತದೆ, ಗಿರಾಕಿಗಳ ಮುಂದೆ ತೋರಿಸಲು ಚೆನ್ನಾಗಿರುತ್ತದೆ ಎಂದು ಆತನಿಗೆ ಆಸೆ. ಅಕ್ಕ ಕಾಯಲು ಹೇಳಿದಾಗಲೆಲ್ಲ, “ಕಂಪೈಲರ್ ಯಾವುದಾದರೇನು, ನಾವು ಬರೆದದ್ದು ಅದೇ ತಾನೇ, ಎರಡೂ ಒಂದೇ” ಎಂದು ಗೊಣಗುತ್ತಿದ್ದ.

ಅಕ್ಕ ತಮ್ಮ ತಾಯಿಯ ಕಣ್ಣಿನ ಆಪರೇಷನ್ ಎಂದು ರಜೆ ಹಾಕಿದರು. ಆ ರಜೆಯಲ್ಲಿಯೇ ತಿರುಪ್ಪೂರಿನ ದೊಡ್ಡ ಕಟಿಂಗ್ ಯೂನಿಟ್ ಒಂದಕ್ಕೆ ಹೊಸ ಪ್ರೋಗ್ರಾಮ್ ಹೋಯಿತು. ಅಲ್ಲಿ ಆರ್ಡರಿನ ಅವಸರ. ಪಾಳಿಯ ಮೇಲೆ ಪಾಳಿ, ಯಂತ್ರ ಆರಿಸಲು ಪುರಸೊತ್ತಿಲ್ಲ. ಕೆಲವೇ ದಿನಗಳಲ್ಲಿ ಎಣಿಕೆ ತುಂಬಿ ತಿರುಗಿತು. ಬಟ್ಟೆಯ ಸುಕ್ಕು ಬಿಡಿಸುತ್ತ ಮೇಜಿನ ಈ ತುದಿಯಲ್ಲಿ ನಿಂತಿದ್ದ ಸುನೀತಾ ಎಂಬ ಒಡಿಶಾ ಕಡೆಯ ಹೆಂಗಸಿನ ಮೇಲೆ, ಆ ತುದಿಯಲ್ಲಿರಬೇಕಾಗಿದ್ದ ಕತ್ತಿ ಓಡಿ ಬಂತು. ಅವಳ ಬಲಗೈಯ ಬೆರಳುಗಳು ಹೋದವು.

ಅಕ್ಕ ರಜೆ ಮುಗಿಸಿ ಬಂದ ದಿನವೇ ಅವರನ್ನು ಮೊದಲಾಳಿಯ ಕೋಣೆಗೆ ಕರೆದರು. ಮೊದಲಾಳಿ ಎಂದರೆ ನಮ್ಮ ಕಂಪನಿಯ ಮಾಲೀಕರು, ವಯಸ್ಸಾದವರು, ಯಂತ್ರದ ಕಬ್ಬಿಣ ಬಲ್ಲವರು, ಪ್ರೋಗ್ರಾಮ್ ತಿಳಿಯದವರು. ಬಾಗಿಲು ಅರ್ಧ ತೆರೆದಿತ್ತು. ಮುರಳಿ ಹೇಳುತ್ತಿದ್ದುದು ನಮ್ಮೆಲ್ಲರಿಗೂ ಕೇಳಿಸಿತು. ಆ ಕಾವಲಿನ ಭಾಗ ಸೌಡೇಶ್ವರಿಯವರ ವಶದಲ್ಲಿತ್ತು, ಅದನ್ನು ತಪ್ಪಾಗಿ ಬರೆಯಲಾಗಿದೆ ಎಂದು ಅವರೇ ಒಪ್ಪಿಕೊಂಡಿದ್ದರು, ತಿದ್ದದೆ ರಜೆ ಹಾಕಿದರು, ತಾನು ಏನನ್ನೂ ಬದಲಾಯಿಸಿಲ್ಲ. ಬೇಕಾದರೆ ಕಂಪ್ಯೂಟರಿನಲ್ಲೇ ನೋಡಬಹುದು, ಇವತ್ತಿಗೂ ಹಳೆಯ ಕಂಪೈಲರೇ ಡೀಫಾಲ್ಟ್.

ನೋಡಿದರೆ ಹಳೆಯದೇ ಇತ್ತು.

ಒಬ್ಬ ಹೆಂಗಸಿನ ಕೈ ಹೋಗಿದೆ, ಯಾರಾದರೂ ಹೊಣೆ ಹೊರಲೇಬೇಕು ಎಂದು ಮೊದಲಾಳಿ ಅಕ್ಕನನ್ನು ಕೆಲಸದಿಂದ ತೆಗೆದರು. ಅಕ್ಕ ಹೊರಗೆ ಬರುವ ಮೊದಲು ಮುರಳಿಯ ಕಡೆ ತಿರುಗಿ, ಬಹಳ ಮೆಲ್ಲಗೆ, “ಸರೀಂಗ ಸಾರ್. ರೊಂಬ ನನ್ರೀಂಗ” ಎಂದರು. ಸರಿ ಸಾರ್, ತುಂಬ ಧನ್ಯವಾದ. ಆ ಬಹುವಚನದ ಅರ್ಥ ನನಗೆ ಗೊತ್ತಿತ್ತು. ಮುರಳಿ ಪಾರಾದೆ ಎಂದುಕೊಂಡಿರಬೇಕು.

ಚೀಲ ಹಿಡಿದು ಹೊರಟ ಅವರ ಜತೆ ಬಸ್ ಸ್ಟಾಪಿನ ತನಕ ಹೋದೆ. ಏನಾದರೂ ಮಾತಾಡಬೇಕಲ್ಲ ಎಂದು, “ಅಕ್ಕಾ, ನೀವಿಲ್ಲದ ವಾರ ಕಂಪೈಲ್ ಮಾಡುವಾಗ ಎಚ್ಚರಿಕೆಗಳು ಬೇರೆ ಥರ ಬರುತ್ತಿದ್ದವು. ಬಣ್ಣ ಬಣ್ಣವಾಗಿ, ತಪ್ಪಿದ್ದ ಜಾಗದ ಕೆಳಗೆ ಗೆರೆ ಎಳೆದು ತೋರಿಸುತ್ತಿತ್ತು. ಈಗ ಮತ್ತೆ ಮೊದಲಿನ ಹಾಗೆ ಬರುತ್ತಿದೆ” ಎಂದೆ.

ಅಕ್ಕ ನಿಂತುಬಿಟ್ಟರು. ಲಾರಿಗಳು ಸಿಮೆಂಟ್ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

“ಗೆರೆ ಎಳ್ದಿತ್ತಾ? ನೀನೇ ನೋಡ್ದ್ಯಾ?”

“ನೋಡಿದೆ ಅಕ್ಕಾ. ಎಲ್ಲರ ಸ್ಕ್ರೀನಿನಲ್ಲೂ ಹಾಗೇ ಇತ್ತು.”

“ಅದು ಹೊಸದ್ರ ಕೆಲ್ಸ. ಹಳೇದು ಹಂಗೆ ತೋರ್ಸೋದೇ ಇಲ್ಲ.” ಅವರು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. “ಬದಲಾಯಿಸವ್ನೆ. ಬದಲಾಯಿಸಿ, ಕೈ ಹೋದ್ಮೇಲೆ ತಿರುಗಿ ಮೊದ್ಲಿನ ಹಾಗೆ ಮಾಡವ್ನೆ. ಇರ್ಲಿ ಕಣ್ಣು. ನೀ ಯಾರ್ಗೂ ಹೇಳ್ಬೇಡ. ನಾನೇ ಹೇಳ್ತೀನಿ.”

ಕೋರ್ಟಿಗೆ ಹೋಗುತ್ತಾರೆ, ಇಲ್ಲವೇ ಮೊದಲಾಳಿಯ ಮನೆಗೆ ಹೋಗಿ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಹೋದದ್ದು ತಿರುಪ್ಪೂರಿನ ಆಸ್ಪತ್ರೆಗೆ, ಸುನೀತಾಳ ಬಳಿ. ಅಕ್ಕನಿಗೆ ಹಿಂದಿ ಬಾರದು, ಸುನೀತಾಳಿಗೆ ತಮಿಳು ಅಷ್ಟಕ್ಕಷ್ಟೆ. ಇಬ್ಬರೂ ಅದು ಹೇಗೋ ಮಾತಾಡಿಕೊಂಡರು. ಅಕ್ಕ ರಸಂ ಅನ್ನ ಕಲಸಿಕೊಂಡು ಹೋಗಿ ತಿನ್ನಿಸಿ ಬರುತ್ತಿದ್ದರು. ಅವಳ ಜಡೆ ಹೆಣೆದು ಬರುತ್ತಿದ್ದರು. ಒಂದು ದಿನ ನನ್ನೊಡನೆ, “ಆ ಕೈ ಈಗ ಒಂದು ಗುಂಡುಕಲ್ಲಿನ ಹಾಗೈತೆ. ಕಟ್ಟು ಬಿಚ್ಚಿದಾಗ ನೋಡ್ದೆ. ನೋಡ್ಲೇಬೇಕು ಅಂತ ನೋಡ್ದೆ. ಮರೀಬಾರ್ದಲ್ಲ” ಎಂದರು. ಅವರ ಸಿಟ್ಟು ಎಷ್ಟು ಜತನದಿಂದ ಸಾಕಿದ ಸಿಟ್ಟು ಎಂದು ನನಗೆ ಗೊತ್ತಾದದ್ದು ಆಗ.

ಸುನೀತಾಳ ಯೂನಿಟ್ಟಿನ ಮಾಲೀಕರೂ ಆಸ್ಪತ್ರೆಗೆ ಬರುತ್ತಿದ್ದರು. ಅವರು ನಮ್ಮ ಯಂತ್ರಗಳನ್ನೆಲ್ಲ ನಿಲ್ಲಿಸಿ, ಕಾರಣ ತಿಳಿಯದೆ ಒದ್ದಾಡುತ್ತಿದ್ದರು. ಅಕ್ಕ ಅವರಿಗೆ ಹೇಳಿದ್ದು ಇಷ್ಟೇ: “ನಮ್ಮ ಮೊದಲಾಳಿಯನ್ನೂ ಮುರಳಿ ಸಾರನ್ನೂ ನಿಮ್ಮ ಕಟಿಂಗ್ ಹಾಲಿಗೆ ಕರೆಸಿ. ಬರೆದಿರುವ ಪ್ರೋಗ್ರಾಮನ್ನು ಅವರೇ ತರಲಿ. ಎರಡೂ ಕಂಪೈಲರುಗಳಿರುವ ಕಂಪ್ಯೂಟರಿನ ಜತೆ ಪೂರ್ಣಿಮಾ ಬರಲಿ. ನಾನು ಏನನ್ನೂ ಮುಟ್ಟುವುದಿಲ್ಲ.”

ಪೂರ್ಣಿಮಾ ನಾನೇ.

ಹೋದೆವು. ಒಂದು ಮಧ್ಯಾಹ್ನ. ಕಟಿಂಗ್ ಹಾಲಿನಲ್ಲಿ ಮಿಕ್ಕ ಕೆಲಸ ನಿಲ್ಲಿಸಿ ಕೆಲಸದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಸುನೀತಾ ಕಟ್ಟು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಅಕ್ಕ ಮದುವೆ ಮನೆಯಲ್ಲಿ ನಿಂತವರ ಹಾಗೆ ಎಲ್ಲರಿಗೂ ‘ವಾಂಗ, ವಾಂಗ’ ಎಂದು ಕೈಮುಗಿಯುತ್ತಿದ್ದರು. ಮುರಳಿಗೂ ಮುಗಿದರು. ತಾವೇ ಕುರ್ಚಿ ಎಳೆದುಕೊಟ್ಟರು.

“ಸಾರ್, ಒಂದು ಸಂದೇಹ” ಎಂದು ತಮಿಳಿನಲ್ಲಿ ಶುರುಮಾಡಿದರು. “ಡೀಫಾಲ್ಟ್ ಬದಲಾಯಿಸಿಲ್ಲ ಎಂದಿರಿ, ಅಲ್ಲವೇ?”

“ಇಲ್ಲ” ಎಂದ ಮುರಳಿ.

“ಬದಲಾಯಿಸಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ, ಎರಡೂ ಒಂದೇ ಎಂದು ಯಾವಾಗಲೂ ಹೇಳುತ್ತಿದ್ದಿರಿ, ಅಲ್ಲವೇ?”

ಆತ ಮೊದಲಾಳಿಯ ಮುಖ ನೋಡಿದ. ಎಲ್ಲರ ಮುಂದೆ ಎಷ್ಟೋ ಸಲ ಹೇಳಿದ ಮಾತು ಅದು. “ಒಂದೇ” ಎಂದ.

ಅಕ್ಕ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. “ಕಣ್ಣು, ಹಳೇದನ್ನ ಸಿಸಿ ಮಾಡು. ಕಂಪೈಲ್ ಮಾಡಿ ಮಿಷನ್ನಿಗೆ ಹಾಕು. ಎಣಿಕೆ ತುಂಬೋಕೆ ಇನ್ನೇನು ಸ್ವಲ್ಪ ಇರೋ ಹಾಗೆ ಇಟ್ಬುಡು.”

ನಾನು ಮಾಡಿದೆ. ತಲೆ ಕೊಂಚ ಓಡಿದರೆ ಸಾಕು, ಎಣಿಕೆ ತಿರುಗಬೇಕು, ಹಾಗೆ ಇಟ್ಟೆ. ಯಂತ್ರ ಸಿದ್ಧವಾಯಿತು. ಆಗ ಅಕ್ಕ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಸುನೀತಾ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ, ಮೇಜಿನ ಮೇಲೆ ತಮ್ಮ ಬಲಗೈಯನ್ನು ಅಂಗೈ ಕೆಳಗಾಗಿ ಇಟ್ಟರು.

ಯೂನಿಟ್ಟಿನ ಮಾಲೀಕರು, “ಅಮ್ಮಾ, ವೇಂಡಾಮ್ಮಾ!” ಎಂದು, ಬೇಡಮ್ಮಾ ಎಂದು ಕೂಗಿದರು. ನಮ್ಮ ಮೊದಲಾಳಿ ಎದ್ದು ನಿಂತರು. ಅಕ್ಕ ನಂಬಿ ಕೈ ಇಟ್ಟದ್ದು ಹಳೆಯ ಕಂಪೈಲರನ್ನಲ್ಲ, ನನ್ನನ್ನು. ಒಂದು ಅಕ್ಷರ ತಪ್ಪಿದ್ದರೆ?

“ಸಿಸಿ ಯಾರು ಅಂತ ಕೇಳಿ ನೋಡ್ದ್ಯಾ?” ಎಂದರು ಅಕ್ಕ, ಕೈ ಎತ್ತದೆ.

“ನೋಡಿದೆ ಅಕ್ಕಾ.”

“ಇನ್ನೊಂದ್ ಸಲ ನೋಡು.”

ನೋಡಿದೆ. ಹಳೆಯದೇ. ಮಿಷನ್ನಿಗೆ ಹಾಕಿದ ಪ್ರೋಗ್ರಾಮ್ ಅದರಿಂದಲೇ ಆದದ್ದೇ ಎಂದೂ ನೋಡಿದೆ. ಆದರೂ ಮತ್ತೊಮ್ಮೆ ಕಂಪೈಲ್ ಮಾಡಿ, ಮತ್ತೊಮ್ಮೆ ಹಾಕಿದೆ.

“ಸರಿ, ಓಡ್ಸು.”

ಬಟನ್ ಒತ್ತುವಾಗ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಿಕೊಳ್ಳಲಿಲ್ಲ. ತಲೆ ಮೇಜಿನ ಆ ತುದಿಯಲ್ಲಿ ಒಂದೆರಡು ಗೆರೆ ಕತ್ತರಿಸಿತು. ತಟಕ್ಕನೆ ನಿಂತಿತು. ಕೆಂಪು ದೀಪ ಹತ್ತಿತು. ಕತ್ತಿ ಅಲ್ಲಿಂದ ಅಲುಗಲಿಲ್ಲ. ಕಾವಲು ಕೆಲಸ ಮಾಡಿತ್ತು.

ಅಕ್ಕ ಕೈ ತೆಗೆದು, ಸೀರೆಗೆ ಒರೆಸಿಕೊಂಡು, ಮೊದಲಾಳಿಗೆ ಹೇಳಿದರು: “ನಾನು ಬಿಟ್ಟು ಹೋದದ್ದು ಇದು ಸಾರ್. ಇದು ಯಾರ ಕೈಯನ್ನೂ ತೆಗೆಯುವುದಿಲ್ಲ.” ಆಮೇಲೆ ನನಗೆ, “ಈಗ ಹೊಸದನ್ನ ಸಿಸಿ ಮಾಡು ಕಣ್ಣು. ಬರೆದಿರೋದ್ರಲ್ಲಿ ಒಂದಕ್ಷರಾನೂ ಮುಟ್ಬೇಡ” ಎಂದರು.

ಮಾಡಿದೆ. ಬಣ್ಣ ಬಣ್ಣದ ಎಚ್ಚರಿಕೆಗಳು ಗೆರೆ ಎಳೆದುಕೊಂಡು ಬಂದವು. ಎಣಿಕೆಯನ್ನು ಮೊದಲಿದ್ದ ಜಾಗಕ್ಕೇ ಇಟ್ಟೆ.

ಅಕ್ಕ ಮುರಳಿಯ ಮುಂದೆ ಹೋಗಿ ನಿಂತರು. ಅಷ್ಟು ಮೃದುವಾದ ದನಿ ಅವರ ಗಂಟಲಿನಿಂದ ಮೊದಲೂ ಬಂದದ್ದಿಲ್ಲ, ಆಮೇಲೂ ಬರಲಿಲ್ಲ.

“ಸಾರ್, ರೆಂಡುಂ ಒಣ್ಣುದಾನ್ನು ಸೊನ್ನೀಂಗ. ಇಪ್ಪೊ ನೀಂಗ ಕೈ ವೈಯ್ಯುಂಗ.”

ಎರಡೂ ಒಂದೇ ಎಂದಿರಲ್ಲ, ಈಗ ನೀವು ಕೈ ಇಡಿ.

ಮುರಳಿ ಏಳಲಿಲ್ಲ. ಅಕ್ಕ ಕಾದರು. “ವಾಂಗ ಸಾರ್” ಎಂದು ಮೇಜಿನ ಕಡೆ ಕೈ ತೋರಿಸಿದರು, ಊಟಕ್ಕೆ ಎಬ್ಬಿಸುವವರ ಹಾಗೆ. ಆತ ಎರಡೂ ಕೈಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಆ ಹಾಲಿನಲ್ಲಿದ್ದ ಅಷ್ಟೂ ಜನ ಅದನ್ನು ಕಂಡರು. ತಮಿಳು ತಿಳಿದವರಿಗೂ ತಿಳಿಯಿತು, ತಿಳಿಯದವರಿಗೂ ತಿಳಿಯಿತು. ನನಗೆ ಎಷ್ಟು ಹಿತವಾಯಿತು ಎಂದರೆ, ಇವತ್ತಿಗೂ ಮನಸ್ಸು ಕೆಟ್ಟಾಗ ಆ ಮಡಚಿದ ಕೈಗಳನ್ನು ನೆನೆಸಿಕೊಳ್ಳುತ್ತೇನೆ.

ಕರಗಿದವಳು ಸುನೀತಾ ಒಬ್ಬಳೇ. ಸ್ಟೂಲಿನಿಂದ ಎದ್ದು ಬಂದು, “ದೀದೀ, ರೆಹನೇ ದೋ” ಎಂದಳು. ಬಿಟ್ಟುಬಿಡಿ ಅಕ್ಕಾ. ಅಕ್ಕ ಅವಳ ಭುಜ ಹಿಡಿದು ತಿರುಗಿಸಿ ಮತ್ತೆ ಸ್ಟೂಲಿನ ಮೇಲೆ ಕೂರಿಸಿದರು. “ನೀ ಕೂತ್ಕೋ. ನೀ ಬಿಡ್ತೀಯ ಅಂತಾನೇ ನಾ ಬಂದಿರೋದು” ಎಂದು ಕನ್ನಡದಲ್ಲೇ ಹೇಳಿದರು. ಅವಳಿಗೆ ಏನು ತಿಳಿಯಿತೋ, ಮತ್ತೆ ಏಳಲಿಲ್ಲ.

ಕೊನೆಗೆ ಅಕ್ಕ ಒಂದು ಬನಿಯನ್ ಬಟ್ಟೆಯನ್ನು ಒದ್ದೆ ಮಾಡಿ, ಬಿಗಿಯಾಗಿ ಸುತ್ತಿ, ತಮ್ಮ ಕೈ ಇದ್ದ ಜಾಗದಲ್ಲಿ ಇಟ್ಟು ದೂರ ಸರಿದರು. ನಾನು ಓಡಿಸಿದೆ. ತಲೆ ಆ ತುದಿಯಲ್ಲಿ ಒಂದೆರಡು ಗೆರೆ ಕತ್ತರಿಸಿತು. ಈ ಸಲ ನಿಲ್ಲಲಿಲ್ಲ. ಮೇಜಿನುದ್ದಕ್ಕೂ ಓಡಿ ಬಂದು ಬಟ್ಟೆಯ ಸುರುಳಿಯನ್ನು ಕತ್ತರಿಸಿ, ಅಂಚಿಗೆ ಬಡಿದು ನಿಂತಿತು.

ಮೊದಲಾಳಿ ಮುರಳಿಯನ್ನು ಏನೂ ಕೇಳಲಿಲ್ಲ. ನೋಡಿದರು, ಅಷ್ಟೆ. ಆತನೇ ಹೇಳಿದ. ಗಿರಾಕಿಗಳಿಗೆ ತೋರಿಸಲು ಬದಲಾಯಿಸಿದೆ, ತಿರುಗಿ ಇಡಲು ಮರೆತೆ, ಸುದ್ದಿ ಬಂದ ಮೇಲೆ ಹೆದರಿ ಇಟ್ಟೆ ಎಂದ. ಮೊದಲಾಳಿ ಅಕ್ಕನಿಗೆ ಕೈಮುಗಿದು, ನಾಳೆಯಿಂದ ಕೆಲಸಕ್ಕೆ ಬರಬೇಕು ಎಂದರು. ಅಕ್ಕ ಅವರಿಗೂ ಬಹುವಚನದಲ್ಲೇ, ನಗುತ್ತಲೇ, ಆಗುವುದಿಲ್ಲ ಎಂದರು. ನನ್ನನ್ನು ಒಂದು ಮಾತೂ ಕೇಳದೆ ಕಳಿಸಿದ ಜಾಗಕ್ಕೆ ಹೇಗೆ ಬರಲಿ ಸಾರ್ ಎಂದರು. ಆ ಮುದುಕರ ಮುಖ ಸಪ್ಪಗಾಯಿತು. ಅಕ್ಕ ತಿರುಗಿ ನೋಡಲಿಲ್ಲ.

ಅಲ್ಲಿಗೆ ಮುಗಿಯಿತು ಎಂದು ನಾವು ಅಂದುಕೊಂಡೆವು. ಸೌಡೇಶ್ವರಿ ಅಕ್ಕನನ್ನು ತಿಳಿದ ಮೇಲೂ ಹಾಗೆ ಅಂದುಕೊಂಡೆವಲ್ಲ! ಮುರಳಿ ಸುನೀತಾಳ ಮನೆಗೆ ಹೋಗಿ, ಅವಳಿಗೆ ತಿಳಿಯುವ ಭಾಷೆಯಲ್ಲಿ, ತನ್ನ ಬಾಯಿಂದಲೇ ನಡೆದದ್ದನ್ನು ಹೇಳಬೇಕು ಎಂದು ಹಟ ಹಿಡಿದರು. ಹೇಳಿಸಿದರು. ಎಲ್ಲ ಕೆಲಸದವರೂ ಬಾಡಿಗೆಗಿದ್ದ ಸಾಲುಮನೆಗಳ ಓಣಿ ಅದು. ಸುನೀತಾ ಆತನಿಗೆ ಕೂರಲು ಚಾಪೆ ಬಿಚ್ಚಲು ಹೋದರೆ, ಅಕ್ಕ ಅದನ್ನು ಮತ್ತೆ ಸುತ್ತಿ ಮೂಲೆಗೆ ನಿಲ್ಲಿಸಿದರು. ಆತ ನಿಂತೇ ಹೇಳಿದ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಕೇಳಿಸಿಕೊಂಡರು. ಸುನೀತಾಳಿಗೆ ಯೂನಿಟ್ಟಿನಲ್ಲಿ ಕೈಗೆ ಭಾರವಿಲ್ಲದ, ಬಟ್ಟೆ ಪರೀಕ್ಷಿಸುವ ಕೆಲಸ ಸಿಗುವ ತನಕ ಅಕ್ಕ ಇಬ್ಬರೂ ಮಾಲೀಕರ ಬಾಗಿಲು ಬಿಡಲಿಲ್ಲ.

ಆಮೇಲೆ, ನಮ್ಮಲ್ಲಿ ಕೆಲಸ ಕಳೆದುಕೊಂಡ ಮುರಳಿ ಬೇರೆ ಕೆಲಸ ಕೇಳಿದ ಕಡೆಗೆಲ್ಲ ಅಕ್ಕನ ಫೋನ್ ಹೋಗುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. “ಒಳ್ಳೆಯ ಕೆಲಸಗಾರರೇ. ಒಂದೇ ಒಂದು ವಿಷಯ, ಅವರು ಕೈಯಿಟ್ಟ ಕಂಪ್ಯೂಟರಿನಲ್ಲಿ ಡೀಫಾಲ್ಟ್ ಏನಿದೆ ಎಂದು ದಿನಾ ನೋಡಿಕೊಳ್ಳಿ. ಯಾಕೆ ಎಂದು ಅವರನ್ನೇ ಕೇಳಿ” ಎನ್ನುತ್ತಿದ್ದರು. ಕೊಯಮತ್ತೂರಿನಲ್ಲಿ ನಮ್ಮ ಕೆಲಸದವರ ಜಗತ್ತು ಬಹಳ ಸಣ್ಣದು. ಆತನಿಗೆ ಬಹಳ ಕಾಲ ಎಲ್ಲಿಯೂ ಕೆಲಸ ಸಿಗಲಿಲ್ಲ.

“ಸಾಕು ಬಿಡಿ ಅಕ್ಕಾ” ಎಂದೆ ಒಮ್ಮೆ. ನನಗೇ ಸಾಕಾಗಿತ್ತು ಎಂದಲ್ಲ, ಅವರ ಮುಖ ಇಳಿದುಹೋಗಿತ್ತು.

“ಅವ್ಳ ಕೈ ವಾಪಸ್ ಬತ್ತು ಅಂತ ಬಂದು ಹೇಳು ಕಣ್ಣು. ಆವತ್ತು ಬಿಡ್ತೀನಿ” ಎಂದರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಉಕ್ಕಡಂನಲ್ಲಿ, ಒಂದು ಸಂಜೆ. ಸೂರತ್ತಿನ ಯಂತ್ರ ಕಾರ್ಖಾನೆಯೊಂದು ಅವರನ್ನು ಕರೆದಿತ್ತು. ತಾಯಿಯನ್ನೂ ಕರೆದುಕೊಂಡು ಹೊರಟಿದ್ದರು. ಕೆರೆಯ ಕಡೆಯಿಂದ ಗಾಳಿ, ಅದರ ಜತೆಗೆ ಮೀನು ಮಾರುಕಟ್ಟೆಯ ವಾಸನೆ. ಅಕ್ಕ ಸೆರಗನ್ನು ಮೂಗಿಗೆ ಹಿಡಿದುಕೊಂಡೇ, ಆ ಊರಿನಲ್ಲಿ ಅಕ್ಕಿ ಹೇಗಿರುತ್ತದೋ, ನೀರು ಹೇಗೋ ಎಂದು ಚಿಂತೆ ಮಾಡುತ್ತಿದ್ದರು. ಇದ್ದಕ್ಕಿದ್ದಂತೆ, “ಮುರಳಿ ಫೋನ್ ಮಾಡಿದ್ದ” ಎಂದರು.

ನಾನು ಬೆಚ್ಚಿಬಿದ್ದೆ.

“ಪೊಳ್ಳಾಚ್ಚಿ ರೋಡಲ್ಲಿ ಒಂದು ಸಣ್ಣ ಕಂಪನಿಲಿ ಸೇರವ್ನೆ. ತೆಂಗಿನ ನಾರು ಎಳೆಯೋ ಮಿಷನ್ನಿಗೆ ಪ್ರೋಗ್ರಾಮ್. ಅಲ್ಲಿ ಹಳೇದೂ ಐತೆ, ಹೊಸದೂ ಐತಂತೆ. ಅವ್ರು ಹೊಸದಕ್ಕೆ ಬದಲಾಯಿಸು ಅಂತವ್ರೆ. ಬದಲಾಯಿಸೋಕೆ ಮುಂಚೆ ಏನೇನು ನೋಡ್ಬೇಕು, ಕಾವಲನ್ನ ಹೆಂಗೆ ತಿದ್ದಿ ಬರೀಬೇಕು ಅಂತ ಕೇಳ್ದ.”

“ನೀವೇನು ಹೇಳಿದಿರಿ?”

“ಎಲ್ಲಾ ಹೇಳ್ಕೊಟ್ಟೆ. ಸಾವಕಾಶವಾಗಿ, ಒಂದೊಂದೂ.” ನನ್ನ ಮುಖ ನೋಡಿ ಗದರಿದರು. “ಏನ್ ಹಂಗೆ ನೋಡ್ತೀಯ? ಆ ಮಿಷನ್ ಮುಂದೆ ನಿಲ್ಲೋದು ಅವ್ನಾ? ಇನ್ಯಾರೋ ಒಬ್ಳು ಸುನೀತಾ ನಿಂತಿರ್ತಾಳೆ.”

ರೈಲ್ವೆ ಸ್ಟೇಷನ್ನಿಗೆ ಹೋಗುವ ಬಸ್ಸು ಬಂದು ನಿಂತಿತು. ಅವರು ತಾಯಿಯನ್ನು ಮೊದಲು ಹತ್ತಿಸಿ, ಚೀಲಗಳನ್ನು ಎತ್ತಿಕೊಂಡರು. ನಾನು ಒಂದನ್ನು ಕೈಗೆ ಕೊಟ್ಟೆ. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ತಿರುಗಿದರು. ಅವರ ಮುಖದಲ್ಲಿ ಇದ್ದ ತೃಪ್ತಿ ಆ ಕಟಿಂಗ್ ಹಾಲಿನಲ್ಲೂ ಇರಲಿಲ್ಲ.

“ಎಲ್ಲಾ ಕೇಳಿ ಬರ್ಕೊಂಡ. ಆಮೇಲೆ, ಸೌಡೇಶ್ವರಿ ಮೇಡಂ, ಅಂತ ಶುರು ಮಾಡ್ದ. ನನ್ರಿ, ಥ್ಯಾಂಕ್ಸ್, ಅಂತ ಹೇಳೋಕೆ ಹೊರ್ಟವ್ನೆ ಅಂತ ಗೊತ್ತಾಯ್ತು.”

“ಹೇಳಿದನಾ?”

“ಬಿಡ್ತೀನಾ?” ಎಂದರು ಅಕ್ಕ. “ಕಟ್ ಮಾಡ್ಬುಟ್ಟೆ.”